ಯಾದಗಿರಿ ಜಿಲ್ಲೆಯ ಹವಾಮಾನ ಮತ್ತು ಪ್ರಾಕೃತಿಕ ಲಕ್ಷಣಗಳು

ಯಾದಗಿರಿ ಜಿಲ್ಲೆಯು ಕರ್ನಾಟಕದ ಈಶಾನ್ಯ ಭಾಗದಲ್ಲಿ, ಕೃಷ್ಣಾ ಮತ್ತು ಭೀಮಾ ನದಿಗಳ ಆಸುಪಾಸಿನಲ್ಲಿ ಹರಡಿರುವ ಅರೆಶುಷ್ಕ ಬಯಲು ಪ್ರದೇಶವಾಗಿದೆ. 2009ರ ಡಿಸೆಂಬರ್‌ನಲ್ಲಿ ಅಂದಿನ ಗುಲಬರ್ಗಾ ಜಿಲ್ಲೆಯಿಂದ ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳನ್ನು ಬೇರ್ಪಡಿಸಿ ಇದನ್ನು ರಚಿಸಲಾಯಿತು. ಮುಂದೆ ಈ ಮೂರರಿಂದಲೇ ಕ್ರಮವಾಗಿ ಗುರುಮಠಕಲ್, ವಡಗೇರಾ ಮತ್ತು ಹುಣಸಗಿ ತಾಲ್ಲೂಕುಗಳು ಮೂಡಿದವು. ಇಲ್ಲಿನ ಆಕಾಶ ಸುರಿಸುವ ಮಳೆ ಕಡಿಮೆ. ಇಲ್ಲಿ ಹರಿಯುವ ನದಿಗಳ ನೀರು ಬಹುಪಾಲು ದೂರದ ಸಹ್ಯಾದ್ರಿಯದು. ಈ ಪ್ರದೇಶದ ಬೇಸಾಯ, ಬರ ಮತ್ತು ನೆರೆ ಮೂರನ್ನೂ ಅರಿಯಲು ಈ ಸಂಗತಿಯೇ ಮುಖ್ಯವಾದುದು.

ಭೂರಚನೆ ಮತ್ತು ಮಣ್ಣು

ಜಿಲ್ಲೆಯು ದಖನ್ ಪ್ರಸ್ಥಭೂಮಿಯ ಭಾಗವಾಗಿದ್ದು, ಸಮುದ್ರ ಮಟ್ಟದಿಂದ ಸರಿಸುಮಾರು 400 ಮೀಟರ್ ಎತ್ತರದಲ್ಲಿದೆ. ಬಯಲಿನ ನಡುವೆ ಅಲ್ಲಲ್ಲಿ ಬೋಳು ಕಲ್ಲುಗುಡ್ಡಗಳು ಎದ್ದು ನಿಂತಿವೆ. ಯಾದಗಿರಿಯ ಕೋಟೆ ಇರುವುದು ಇಂಥದೊಂದು ಬೆಟ್ಟದ ಮೇಲೆ. ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುವುದರಿಂದ ಪ್ರಸಿದ್ಧವಾಗಿದೆ. ಸುರಪುರ ಪಟ್ಟಣವನ್ನಂತೂ ಗುಡ್ಡಗಳೇ ಸುತ್ತುವರಿದಿವೆ.

ಗ್ರಾನೈಟ್ ಶಿಲೆಯ ಆಸುಪಾಸಿನಲ್ಲಿ ಕೆಂಪು ಮಸಾರಿ ಮಣ್ಣೂ ಉಳಿದೆಡೆ ಕಪ್ಪು ಎರೆಮಣ್ಣೂ ಕಂಡುಬರುತ್ತವೆ. ಶಹಾಪುರ ಮತ್ತು ಹುಣಸಗಿಯ ಕಡೆ ಸುಣ್ಣಕಲ್ಲಿನ ಪದರಗಳಿವೆ. ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಆದಿಮಾನವನ ಕಲ್ಲಿನ ಆಯುಧಗಳು ಹೇರಳವಾಗಿ ದೊರೆತಿವೆ. ಅಲ್ಲಿನ ಇಸಾಂಪುರ ನೆಲೆಯು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ಅಂದಾಜಿಸಲಾಗಿದೆ. ಆಯುಧಕ್ಕೆ ಒದಗುವ ಸುಣ್ಣಕಲ್ಲು ಮತ್ತು ಬೇಸಿಗೆಯಲ್ಲೂ ಜಿನುಗುವ ಒರತೆಗಳು ಆ ಜನರನ್ನು ಇಲ್ಲಿ ನಿಲ್ಲಿಸಿದವೆಂದು ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರ ಅಧ್ಯಯನಗಳು ತೋರಿಸಿವೆ. ಒಣನಾಡೆಂದು ಹೆಸರಾದ ಈ ಸೀಮೆಗೆ ಮನುಷ್ಯ ಮೊದಲು ಬಂದದ್ದು ನೀರನ್ನು ಹುಡುಕಿಕೊಂಡು ಎಂಬುದು ಗಮನಾರ್ಹ.

ಋತುಗಳು

ಮಾರ್ಚ್‌ನಿಂದ ಮೇ ಅಂತ್ಯದವರೆಗೆ ಬೇಸಿಗೆ. ಮೇ ತಿಂಗಳಿನಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುವ ರೂಢಿ ಬಂದಿರುವುದು ಈ ಬಿಸಿಲಿನಿಂದಲೇ. ಎರೆಹೊಲಗಳು ಆಗ ಆಳವಾಗಿ ಬಿರಿದುಕೊಳ್ಳುತ್ತವೆ. ಚಳಿಗಾಲ ಅಲ್ಪಕಾಲದ್ದು, ಡಿಸೆಂಬರ್, ಜನವರಿಯ ರಾತ್ರಿಗಳು ತಂಪು, ಹಗಲು ಹಿತಕರ.

ಅರಬ್ಬಿ ಸಮುದ್ರದ ಕರಾವಳಿಯಿಂದ ಈ ಜಿಲ್ಲೆ 300 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ನೈಋತ್ಯ ಮಾರುತಗಳು ಪಶ್ಚಿಮ ಘಟ್ಟಗಳಲ್ಲಿ ಬಹುಪಾಲು ಮಳೆ ಸುರಿಸಿ ಬರಿದಾಗಿ ಇಲ್ಲಿಗೆ ಬರುತ್ತವೆ. ಹೀಗಾಗಿ ಕೃಷಿ ವಿಜ್ಞಾನಿಗಳು ಗುರುತಿಸಿರುವ ‘ಈಶಾನ್ಯ ಒಣ ವಲಯ’ಕ್ಕೆ ಇದು ಸೇರುತ್ತದೆ. ಈ ವಲಯದ ವಾರ್ಷಿಕ ಮಳೆ ಸುಮಾರು 630ರಿಂದ 800 ಮಿಲಿಮೀಟರ್. ಕರಾವಳಿಯ ಮಂಗಳೂರಿನಲ್ಲಿ ಇದರ ನಾಲ್ಕು ಪಟ್ಟಿಗೂ ಹೆಚ್ಚು ಮಳೆಯಾಗುತ್ತದೆ.

ಒಟ್ಟು ಮಳೆಗಿಂತ ಅದು ಬೀಳುವ ಹೊತ್ತು ರೈತನಿಗೆ ಮುಖ್ಯ. ಜೂನ್ ಮೊದಲ ವಾರದ ಮಿರಗ ಮಳೆ, ಎಂದರೆ ಮೃಗಶಿರಾ, ಬಿದ್ದರೆ ಹೆಸರು, ತೊಗರಿ, ಹತ್ತಿಯ ಬಿತ್ತನೆ ಆರಂಭವಾಗುತ್ತದೆ. ಸೆಪ್ಟೆಂಬರ್ ಕೊನೆಯ ಉತ್ತರಿ, ಹಸ್ತ ಮಳೆಗಳು ಹಿಂಗಾರಿಗೆ ಆಧಾರ. ಎರೆಮಣ್ಣು ಹಸಿಯನ್ನು ಬಹುಕಾಲ ಹಿಡಿದಿಡುವುದರಿಂದ, ಹಿಂಗಾರಿ ಬಿಳಿಜೋಳವು ಮತ್ತೆ ಮಳೆ ಬಾರದಿದ್ದರೂ ಇಬ್ಬನಿ ಮತ್ತು ನೆಲದ ತೇವದಲ್ಲೇ ತೆನೆಗಟ್ಟುತ್ತದೆ. ಮಸಾರಿ ಹೊಲಕ್ಕೆ ಈ ಭಾಗ್ಯವಿಲ್ಲ. ಎರಡೂ ಮಳೆ ಕೈಕೊಟ್ಟ ವರ್ಷ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಜನ ಗುಳೆ ಹೋಗುತ್ತಾರೆ.

ನದಿಗಳು ಮತ್ತು ನೆರೆ

ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ ಜಿಲ್ಲೆಯ ದಕ್ಷಿಣದ ಗಡಿಗುಂಟ ಹರಿಯುತ್ತದೆ. ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಉತ್ತರದಿಂದ ಬಂದು, ಯಾದಗಿರಿ ಪಟ್ಟಣದ ಪಕ್ಕದಲ್ಲಿ ಸಾಗಿ, ಆಗ್ನೇಯದ ಗಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಎರಡರ ಪ್ರವಾಹವೂ ಮಹಾರಾಷ್ಟ್ರದ ಮಳೆಯನ್ನು ಅವಲಂಬಿಸಿದೆ. ಘಟ್ಟಗಳಲ್ಲಿ ಜೋರು ಮಳೆಯಾದಾಗ ಆಲಮಟ್ಟಿಯ ನೀರು ನಾರಾಯಣಪುರದ ಬಸವಸಾಗರಕ್ಕೂ, ಉಜನಿ ಜಲಾಶಯದ ನೀರು ಭೀಮೆಗೂ ಹರಿದುಬರುತ್ತದೆ. ಆದಕಾರಣ ಮೇಲಿನ ಹೊಲದಲ್ಲಿ ತೊಗರಿ ಬಾಡುತ್ತಿರುವಾಗಲೇ ನದಿದಂಡೆಯ ಹೊಲ ಮುಳುಗುವ ವೈಪರೀತ್ಯ ಇಲ್ಲಿ ಹೊಸದಲ್ಲ.

2019ರ ಆಗಸ್ಟ್‌ನಲ್ಲಿ ಬಸವಸಾಗರದಿಂದ ಆರು ಲಕ್ಷ ಕ್ಯುಸೆಕ್‌ನಷ್ಟು ನೀರನ್ನು ಹೊರಬಿಡಲಾಯಿತು. ಶಹಾಪುರ ತಾಲ್ಲೂಕಿನ ಕೊಳ್ಳೂರು ಬಳಿ ದೇವದುರ್ಗದ ದಾರಿಯ ಸೇತುವೆ ಮುಳುಗಿತು. ಸುರಪುರ ಸೀಮೆಯ ನಡುಗಡ್ಡೆ ಗ್ರಾಮವಾದ ನೀಲಕಂಠರಾಯನಗಡ್ಡಿಗೆ ಇಂಥ ಸಮಯದಲ್ಲಿ ಹೊರಗಿನ ಸಂಪರ್ಕವೇ ಕಡಿದುಹೋಗುತ್ತಿತ್ತು. 2020ರ ಅಕ್ಟೋಬರ್‌ನ ನೆರೆ ಭೀಮೆಯದು. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಒಳನಾಡನ್ನು ದಾಟಿಹೋದಾಗ, ಕೊಯ್ಲಿಗೆ ಬಂದ ಬೆಳೆ ದಂಡೆಗುಂಟ ನೀರುಪಾಲಾಯಿತು.

ನೀರಾವರಿ, ಕೆರೆ ಮತ್ತು ಅಂತರ್ಜಲ

ಕೃಷ್ಣಾ ಮೇಲ್ದಂಡೆ ಯೋಜನೆಯ ಬಸವಸಾಗರ ಜಲಾಶಯದ ಸಂಗ್ರಹ ಸಾಮರ್ಥ್ಯ ಸುಮಾರು 33 ಟಿಎಂಸಿ ಅಡಿ. ಇದರ ಎಡದಂಡೆ ಕಾಲುವೆ ಸುರಪುರ, ಶಹಾಪುರ ಸೀಮೆಯ ಚಹರೆಯನ್ನೇ ಬದಲಿಸಿದೆ. ಯೋಜನೆಯ ಉದ್ದೇಶ ಜೋಳ, ಶೇಂಗಾ, ಹತ್ತಿಯಂಥ ಅಲ್ಪ ನೀರಿನ ಬೆಳೆಗಳಾಗಿದ್ದರೂ ಕಾಲುವೆಯ ತಲೆಭಾಗದಲ್ಲಿ ಭತ್ತವೇ ಹಬ್ಬಿತು. ಫಲವಾಗಿ ಕೊನೆಯಂಚಿನ ರೈತರಿಗೆ ನೀರು ಸಾಲದು. ನೀರು ಹೆಚ್ಚಾದ ಎರೆನೆಲ ಸವಳು-ಜವಳಾಗುತ್ತಿದೆ. ನೀರು ಬಸಿದುಹೋಗದ ಈ ಮಣ್ಣಿನಲ್ಲಿ ಲವಣಗಳು ಮೇಲಕ್ಕೇರಿ ನೆಲ ಬೆಳ್ಳಗಾಗುವುದನ್ನು ಕಾಲುವೆಯ ಬದಿಯಲ್ಲೇ ಕಾಣಬಹುದು.

ಕಾಲುವೆಗೂ ಮೊದಲಿನ ನೀರಿನ ವ್ಯವಸ್ಥೆ ಕೆರೆಗಳದು. ಸುರಪುರ ಸಮೀಪದ ಬೋನಾಳ ಕೆರೆಯನ್ನು 17ನೆಯ ಶತಮಾನದಲ್ಲಿ ಸುರಪುರದ ನಾಯಕ ಅರಸರು ಕಟ್ಟಿಸಿದರು. 19ನೆಯ ಶತಮಾನದಲ್ಲಿ ಇಲ್ಲಿ ಆಡಳಿತಾಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಅದನ್ನು ಅಭಿವೃದ್ಧಿಪಡಿಸಿದನು. ಇಂದು ಅದು ಪಕ್ಷಿಧಾಮವಾಗಿದ್ದು, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಮುಂತಾದ ವಲಸೆ ಹಕ್ಕಿಗಳು ಬರುತ್ತವೆ.

ನದಿ, ಕಾಲುವೆಗಳಿಂದ ದೂರದ ಊರುಗಳಿಗೆ ಕೊಳವೆಬಾವಿಯೇ ಗತಿ. ಅನೇಕ ಕಡೆ ಅದರ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ. ಸುರಪುರ ಭಾಗದ ಚಿನ್ನದ ಅದಿರಿರುವ ಶಿಲಾಪಟ್ಟಿಯ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಬೆರೆತ ನೀರು ಕುಡಿದು ನಿವಾಸಿಗಳು ಚರ್ಮರೋಗಗಳಿಗೆ ತುತ್ತಾದರು.