ಹಾಗ, ವೀಸ, ಕಾಣಿ: ಕಿರುನಾಣ್ಯಗಳ ನಾಮಕರಣದ ಚರಿತ್ರೆ

ಸಂಪತ್ತನ್ನು ಸೂಚಿಸಲು ಕನ್ನಡಿಗರು ನಿತ್ಯವೂ ಬಳಸುವ ಮಾತುಗಳು ಮೂರು: ಹಣ, ದುಡ್ಡು, ಕಾಸು. ಈ ಮೂರೂ ಒಂದು ಕಾಲಕ್ಕೆ ನಿರ್ದಿಷ್ಟ ನಾಣ್ಯಗಳ ಹೆಸರುಗಳಾಗಿದ್ದವು. ಮೂರೂ ಸಣ್ಣ ನಾಣ್ಯಗಳ ಹೆಸರುಗಳೆಂಬುದು ಇನ್ನೂ ಗಮನಾರ್ಹವಾದ ಸಂಗತಿ. ಗದ್ಯಾಣ ದೊಡ್ಡದಾಗಿತ್ತು, ವರಹ ಬೆಲೆಯುಳ್ಳದ್ದಾಗಿತ್ತು, ಮೊಹರು ಅರಮನೆಯ ಬೊಕ್ಕಸದಲ್ಲಿತ್ತು. ಆದರೆ ಆ ಹೆಸರುಗಳು ಶಾಸನಗಳಲ್ಲಿ, ಕಡತಗಳಲ್ಲಿ ಉಳಿದುಕೊಂಡವೇ ಹೊರತು ಸಂಪತ್ತಿಗೇ ಪರ್ಯಾಯಪದಗಳಾಗಿ ಬೆಳೆಯಲಿಲ್ಲ. (ಉತ್ತರ ಕರ್ನಾಟಕದ ‘ರೊಕ್ಕ’ ಈ ಸಾಲಿಗೆ ಸೇರುವುದಿಲ್ಲ, ಅದು ನಗದು ಎಂಬ ಅರ್ಥದಿಂದಲೇ ಬಂದ ಮಾತು.) ಕಿರಿದಾದ ಮಾನಕ್ಕೆ ಇಟ್ಟ ಹೆಸರು ಕಾಲಾನಂತರದಲ್ಲಿ ಇಡೀ ಅರ್ಥವ್ಯವಹಾರದ ಹೆಸರಾಗಿಬಿಡುವ ಈ ವಿದ್ಯಮಾನವನ್ನು ಗಮನಿಸಿದರೆ, ನಾಣ್ಯದ ನಾಮಕರಣವು ಟಂಕಸಾಲೆಯ ಔಪಚಾರಿಕ ವಿಧಿಯಷ್ಟೇ ಅಲ್ಲವೆಂಬುದು ತಿಳಿಯುತ್ತದೆ.

ಈ ಪ್ರಶ್ನೆ ಈಚಿನ ವರ್ಷಗಳಲ್ಲಿ ಅನಿರೀಕ್ಷಿತವಾದ ಕಡೆಯಿಂದ ಮರಳಿ ಬಂದಿದೆ. 2009ರಲ್ಲಿ ಚಾಲನೆಗೆ ಬಂದ ಬಿಟ್‌ಕಾಯಿನ್ ಎಂಬ ಅಂಕೀಯ ನಾಣ್ಯವನ್ನು ಹತ್ತು ಕೋಟಿ ಭಾಗಗಳಾಗಿ ಒಡೆಯಬಹುದು. ಆ ಕನಿಷ್ಠ ಭಾಗಕ್ಕೆ ಅದರ ಅಜ್ಞಾತ ನಿರ್ಮಾತೃವಿನ ಹೆಸರಿನಿಂದ ‘ಸತೋಶಿ’ ಎಂದು ಕರೆಯುವ ರೂಢಿ ಬೆಳೆಯಿತು. ನೂರು ಸತೋಶಿಗಳ ಗುಂಪನ್ನು ‘ಬಿಟ್’ ಎನ್ನಬೇಕೆಂಬ ಸೂಚನೆಯೂ 2017ರಲ್ಲಿ ಮಂಡಿತವಾಯಿತು. ಈಥರ್ ಎಂಬ ಇನ್ನೊಂದು ನಾಣ್ಯದ ವಿಭಜನೆ ಇದಕ್ಕಿಂತ ಸೂಕ್ಷ್ಮ: ಒಂದರ ಮುಂದೆ ಹದಿನೆಂಟು ಸೊನ್ನೆಗಳನ್ನಿಟ್ಟರೆ ಬರುವಷ್ಟು ‘ವೇಯ್’ಗಳು ಸೇರಿ ಒಂದು ಈಥರ್. ಇಷ್ಟು ದೊಡ್ಡ ಸಂಖ್ಯೆಯನ್ನು ಏನೆಂದು ಕರೆಯಬೇಕೆಂಬ ಚಿಂತೆ ಕನ್ನಡ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ‘ಏಕ’ದಿಂದ ‘ಮಹಾಕ್ಷೋಭ’ದವರೆಗೆ ಇಪ್ಪತ್ನಾಲ್ಕು ಸಂಖ್ಯಾಸ್ಥಾನಗಳನ್ನು ಹೆಸರಿಸಿದ್ದಾನೆ. ಅದರ ಪ್ರಕಾರ ಬಿಟ್‌ಕಾಯಿನ್ನಿನಲ್ಲಿರುವುದು ‘ದಶಕೋಟಿ’ ಸತೋಶಿ. ಈಥರಿನಲ್ಲಿರುವುದು ಹತ್ತೊಂಬತ್ತನೆಯ ಸ್ಥಾನ, ಎಂದರೆ ಸರಿಯಾಗಿ ಒಂದು ‘ಶಂಖ’ ವೇಯ್.

ಆದರೆ ಅದೇ ಮಹಾವೀರಾಚಾರ್ಯನು ಚಿನ್ನದ ಮಾನಗಳಿಗೆ ಬಂದಾಗ ಹತ್ತರ ಗುಣಕವನ್ನು ಕೈಬಿಡುತ್ತಾನೆ. ನಾಲ್ಕು ಗಂಡಕಗಳಿಗೆ ಒಂದು ಗುಂಜೆ, ಐದು ಗುಂಜೆಗೆ ಒಂದು ಪಣ, ಎಂಟು ಪಣಕ್ಕೆ ಒಂದು ಧರಣ, ಎರಡು ಧರಣಕ್ಕೆ ಒಂದು ಕರ್ಷ. ಆಕಾಶದೆತ್ತರದ ಎಣಿಕೆಗೆ ಹತ್ತು ಒಪ್ಪುತ್ತದೆ. ಅಂಗಡಿಯ ಕಟ್ಟೆಯ ಮೇಲೆ ಪಾಲು ಮಾಡಲು ಎರಡು, ನಾಲ್ಕು, ಎಂಟುಗಳೇ ಬೇಕು. ಈ ವ್ಯತ್ಯಾಸ ಆಚಾರ್ಯನಿಗೆ ಸಹಜವಾಗಿ ಕಂಡಿರಬೇಕು, ಅದಕ್ಕೆ ಅವನು ಸಮಜಾಯಿಷಿಯನ್ನೇ ಕೊಡುವುದಿಲ್ಲ.

ಕನ್ನಡ ಶಾಸನಗಳ ನಾಣ್ಯಲೋಕ ಈ ಪಾಲುಗಾರಿಕೆಯ ಮೇಲೆಯೇ ನಿಂತಿದೆ. ಸಾಮಾನ್ಯವಾಗಿ ಹತ್ತು ಪಣಕ್ಕೆ ಒಂದು ಗದ್ಯಾಣ. ಪಕಾರ ಹಕಾರವಾದಾಗ ‘ಪಣ’ವು ‘ಹಣ’ವಾಯಿತು. ಹಣದ ಕೆಳಗೆ ಲೆಕ್ಕ ನಾಲ್ಕುನಾಲ್ಕಾಗಿ ಒಡೆಯುತ್ತದೆ: ಹಣದ ನಾಲ್ಕನೆಯ ಒಂದು ಪಾಲು ಹಾಗ, ಹದಿನಾರನೆಯ ಒಂದು ಪಾಲು ವೀಸ, ಅರುವತ್ತನಾಲ್ಕನೆಯ ಒಂದು ಪಾಲು ಕಾಣಿ, ಎರಡು ಕಾಣಿ ಸೇರಿದರೆ ದುಗ್ಗಾಣಿ. ಇವುಗಳಲ್ಲಿ ವೀಸ ಮತ್ತು ಕಾಣಿಗಳು ನಾಣ್ಯದ ಹೆಸರುಗಳಾಗುವಂತೆಯೇ ಶುದ್ಧ ಭಿನ್ನರಾಶಿಗಳ ಹೆಸರುಗಳೂ ಹೌದು. ‘ವೀಸ’ ಎಂದೊಡನೆ ಹದಿನಾರರಲ್ಲಿ ಒಂದು ಎಂಬ ಅನುಪಾತ ಕಿವಿಗೆ ಬೀಳುತ್ತಿತ್ತು. ಅದು ಹೊಲದ್ದಾಗಲಿ, ಧಾನ್ಯದ್ದಾಗಲಿ, ಹೊನ್ನಿನದ್ದಾಗಲಿ. ಹೆಸರನ್ನು ಬಲ್ಲವನಿಗೆ ಬೆಲೆಯನ್ನು ಬೇರೆಯಾಗಿ ಕಲಿಸಬೇಕಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದ ಜೈನ ಗಣಿತಜ್ಞ ರಾಜಾದಿತ್ಯನ ಹಿಂದೆ ಇದ್ದದ್ದು ಇಂಥ ಲೆಕ್ಕದ ಜನಸಮುದಾಯವೇ.

ಶ್ರವಣಬೆಳಗೊಳದ ದಾನಶಾಸನಗಳಲ್ಲಿ ಈ ಹೆಸರುಗಳ ಕೆಲಸ ಸ್ಪಷ್ಟವಾಗಿ ಕಾಣುತ್ತದೆ. ಗೊಮ್ಮಟದೇವರ ಅಭಿಷೇಕದ ಹಾಲಿಗೆಂದು ಶ್ರಾವಕರು ಕೆಲವೇ ಗದ್ಯಾಣಗಳನ್ನು ಇಡುಗಂಟಾಗಿ ಇಟ್ಟು, ಅದರ ಬಡ್ಡಿಯಿಂದ ನಿತ್ಯವೂ ಹಾಲು ಸಲ್ಲುವಂತೆ ವ್ಯವಸ್ಥೆ ಮಾಡಿದ ನಿದರ್ಶನಗಳಿವೆ. ಮೂಲಧನ ಗದ್ಯಾಣದಲ್ಲಿದ್ದರೂ ಅದು ದಿನದಿನದ ಹಾಲಾಗಬೇಕಾದರೆ ಕಿರುಮಾನಗಳ ಮೂಲಕ ಇಳಿದು ಬರಲೇಬೇಕು. ಒಂದು ಹೊನ್ನಿಗೆ ತಿಂಗಳಿಗೊಂದು ಹಾಗವೆಂದು ಹೇಳಿದರೆ ಸಾಕು, ನಲವತ್ತರಲ್ಲಿ ಒಂದು ಪಾಲೆಂಬ ಬಡ್ಡಿಯ ದರ ಆ ಮಾತಿನಲ್ಲಿಯೇ ಅಡಗಿದೆ. ದಾನಿ ತೀರಿಕೊಂಡು ಎಷ್ಟೋ ತಲೆಮಾರು ಕಳೆದರೂ ಕರಾರು ತಪ್ಪದೆ ನಡೆಯಬೇಕಿದ್ದರೆ ‘ಹಾಗ’ದ ಅರ್ಥ ಜಾರಬಾರದು. ಹೆಸರಿನ ಸ್ಥಿರತೆ ಅಲ್ಲಿ ಧರ್ಮದ ಸ್ಥಿರತೆಯೂ ಆಗಿತ್ತು. ಆ ಸ್ಥಿರತೆಗೆ ಎಲ್ಲೆಯೂ ಇತ್ತೆನ್ನಿ: ತಮಿಳು ಲೆಕ್ಕದಲ್ಲಿ ಇದೇ ‘ಕಾಣಿ’ ಎಂಬತ್ತರಲ್ಲಿ ಒಂದು.

ಈ ಹಿನ್ನೆಲೆಯಲ್ಲಿ ಟಿಪ್ಪು ಸುಲ್ತಾನನ (ಆಳ್ವಿಕೆ 1782–1799) ನಾಮಕರಣವನ್ನು ನೋಡಬೇಕು. ಕರ್ನಾಟಕದ ಚರಿತ್ರೆಯಲ್ಲಿ ಒಬ್ಬ ಅರಸು ತನ್ನ ನಾಣ್ಯಗಳಿಗೆಲ್ಲ ಮೇಲಿನಿಂದ ಕೆಳಗಿನವರೆಗೆ ಹೊಸ ಹೆಸರುಗಳನ್ನು ಆಲೋಚಿಸಿ ಇಟ್ಟ ಇಂಥ ಉದಾಹರಣೆ ಮತ್ತೊಂದಿಲ್ಲ. ಬೆಳ್ಳಿಯಲ್ಲಿ ಎರಡು ರೂಪಾಯಿಯ ನಾಣ್ಯ ಹೈದರಿ, ರೂಪಾಯಿ ಇಮಾಮಿ, ಅರ್ಧ ಆಬಿದಿ, ಕಾಲು ಬಾಕಿರಿ, ಅರೆಕಾಲು ಜಾಫರಿ, ಹದಿನಾರನೆಯ ಪಾಲು ಕಾಜಿಮಿ, ಮೂವತ್ತೆರಡನೆಯ ಪಾಲು ಖಿಜ್ರಿ. ತಾಮ್ರದಲ್ಲಿ ಗ್ರಹತಾರೆಗಳು: ಎರಡು ಪೈಸೆಗೆ ಗುರುಗ್ರಹವಾದ ಮುಷ್ತರಿ, ಪೈಸೆಗೆ ಶುಕ್ರನಾದ ಜೊಹ್ರಾ, ಅರ್ಧಕ್ಕೆ ಮಂಗಳನಾದ ಬಹ್ರಾಮ್, ಕಾಲಿಗೆ ನಕ್ಷತ್ರವೆಂಬರ್ಥದ ಅಖ್ತರ್, ಅರೆಕಾಲಿಗೆ ಧ್ರುವತಾರೆಯಾದ ಕುತ್ಬ್. 1921ರಲ್ಲಿ ಪ್ರಕಟವಾದ ಹೆಂಡರ್ಸನ್ನರ ಗ್ರಂಥ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳನ್ನು ವಿವರವಾಗಿ ಪರಿಚಯಿಸುತ್ತದೆ.

ಈ ಹೆಸರುಗಳನ್ನು ಅರಸನ ಚಾಪಲ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಜೈನುಲ್ ಆಬಿದೀನ್, ಬಾಕಿರ್, ಜಾಫರ್, ಕಾಜಿಮ್ ಇವರು ಪರಂಪರೆಯಲ್ಲಿ ಒಬ್ಬರ ನಂತರ ಒಬ್ಬರಾಗಿ ಬರುವ ನಾಲ್ಕನೆಯ, ಐದನೆಯ, ಆರನೆಯ, ಏಳನೆಯ ಇಮಾಮರು. ನಾಣ್ಯಗಳೂ ಅದೇ ಕ್ರಮದಲ್ಲಿ ಅರ್ಧರ್ಧವಾಗಿ ಇಳಿಯುತ್ತವೆ. ವಂಶಾವಳಿಯನ್ನು ಬಲ್ಲವನಿಗೆ ಅದೊಂದು ಸುಸಂಬದ್ಧ ಶ್ರೇಣಿ. ತೊಡಕಿದ್ದದ್ದು ಅಲ್ಲಿಯೇ. ಕಾಜಿಮಿ ಜಾಫರಿಯ ಅರ್ಧವೆಂಬುದನ್ನು ತಿಳಿಯಲು ಮೈಸೂರಿನ ರೈತನಿಗೆ ಲೆಕ್ಕದ ಹೊರಗಿನ ಒಂದು ವಿದ್ಯೆ ಬೇಕಾಗುತ್ತಿತ್ತು. ವೀಸ ಹಾಗದ ಕಾಲುಭಾಗವೆಂಬುದನ್ನು ತಿಳಿಯಲು ಕೂಲಿಮಠದ ಮಗ್ಗಿ ಸಾಕಾಗಿತ್ತು. ತಾಮ್ರದ ನಾಣ್ಯದ ಮೇಲೆ ಆನೆಯ ಚಿತ್ರವಿತ್ತು. ಜನರು ಅದನ್ನು ಶುಕ್ರನೆಂದೂ ಕರೆಯಲಿಲ್ಲ, ಮಂಗಳನೆಂದೂ ಕರೆಯಲಿಲ್ಲ. ಆನೆ ದುಡ್ಡು ಎಂದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಪೂರ್ಣಯ್ಯನವರ ಆಡಳಿತದಲ್ಲಿ ಸಂಸ್ಥಾನದ ಲೆಕ್ಕ ನಡೆದದ್ದು ಕಂಠೀರಾಯ ವರಹ ಮತ್ತು ಹಣಗಳಲ್ಲಿ. ಈ ಹೆಸರಿನ ಮೂಲ 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು. ಅವರ ಟಂಕಸಾಲೆಯ ಹಣ ಚಿನ್ನದ್ದೇ ಆದರೂ ತೂಕದಲ್ಲಿ ಅರ್ಧ ಗ್ರಾಮಿಗೂ ಕಡಿಮೆ. ಬೆವರಿದ ಬೆರಳಿಗೆ ಅಂಟಿಕೊಂಡು ಹೋಗುವಷ್ಟು ಪುಟ್ಟದು. ಇಂಥ ಹತ್ತು ಹಣಗಳಿಗೆ ಒಂದು ಕಂಠೀರಾಯ ವರಹ. ವಿಚಿತ್ರವೆಂದರೆ ಆ ವರಹ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇತ್ತು, ಕೈಗೆ ಸಿಗುವ ನಾಣ್ಯವಾಗಿರಲಿಲ್ಲ. ಇಡೀ ಸಂಸ್ಥಾನದ ಆದಾಯ ವೆಚ್ಚಗಳು ಯಾರೂ ಮುಟ್ಟದ ಒಂದು ಮಾನದಲ್ಲಿ ದಾಖಲಾಗುತ್ತಿದ್ದವು. ಮೈಯಿಲ್ಲದ ನಾಣ್ಯವು ಗಣಕಯಂತ್ರದ ಯುಗದ ಆವಿಷ್ಕಾರವೆಂದು ನಂಬುವವರು ಈ ಕಡತಗಳತ್ತ ಒಮ್ಮೆ ಕಣ್ಣು ಹಾಯಿಸಬಹುದು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳು ಅಲಂಕಾರವನ್ನು ಬಿಟ್ಟು ಸಂಖ್ಯೆಯನ್ನೇ ಹೆಸರಾಗಿಸಿಕೊಂಡವು: ಮಯಿಲಿ ಕಾಸು ಇಪ್ಪತ್ತು, ಹತ್ತು, ಐದು. 1843ರಲ್ಲಿ ಬೆಂಗಳೂರಿನ ಟಂಕಸಾಲೆ ಮುಚ್ಚಿತು. ಆಮೇಲೆ ರೂಪಾಯಿ, ಆಣೆ, ಪೈಗಳದ್ದೇ ಕಾರುಬಾರು. ಈ ಪರಕೀಯ ಲೆಕ್ಕ ಕನ್ನಡಿಗರಿಗೆ ಅಷ್ಟಾಗಿ ಪರಕೀಯವೆನಿಸಲಿಲ್ಲ. ರೂಪಾಯಿಗೆ ನಾಲ್ಕು ಪಾವಲಿ, ಹದಿನಾರು ಆಣೆ, ಅರುವತ್ತನಾಲ್ಕು ಪೈಸೆ. ಹಾಗ, ವೀಸ, ಕಾಣಿಗಳ ಏಣಿಯ ಮೆಟ್ಟಿಲುಗಳೇ ಬೇರೆ ಹೆಸರಿನಲ್ಲಿ ಮರಳಿ ಬಂದಿದ್ದವು. ಆಣೆಗೆ ಹನ್ನೆರಡು ಪೈ ಎಂಬ ಕೊನೆಯ ಮೆಟ್ಟಿಲು ಮಾತ್ರ ಹೊಸದು. ಹಳೆಯ ಮೈಸೂರಿನವರು ಪೈಗೆ ‘ಕಾಸು’ ಎಂಬ ತಮ್ಮ ಹೆಸರನ್ನೇ ಹೊದಿಸಿ ಅದನ್ನೂ ಒಳಗೆ ಮಾಡಿಕೊಂಡರು. ಮೂರು ಕಾಸು, ಆರು ಕಾಸು ಎಂಬ ಮಾತುಗಳ ಹುಟ್ಟು ಅದು. ‘ಮೂರು ಕಾಸಿನ ಬೆಲೆಯಿಲ್ಲ’ ಎಂಬ ಬೈಗುಳದ ಲೆಕ್ಕವೂ ಅದೇ.

ಏಣಿ ಮುರಿದದ್ದು 1957ರ ಏಪ್ರಿಲ್ 1ರಂದು. ರೂಪಾಯಿಗೆ ನೂರು ಪೈಸೆಯೆಂದು ದಶಮಾನ ಪದ್ಧತಿ ಜಾರಿಗೆ ಬಂದಾಗ ಆಣೆಯ ಬೆಲೆ ಆರೂಕಾಲು ಪೈಸೆ. ಆ ‘ಕಾಲು’ ಯಾವ ನಾಣ್ಯಕ್ಕೂ ಎಟುಕದ್ದು. ಪರಿವರ್ತನೆಯ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ನಿಗದಿ ಮಾಡಲಾಯಿತು. ಒಂದೊಂದಾಣೆಯಂತೆ ಮೂರು ಸಲ ಕೊಂಡವನು ತೆರುವುದು 18. ಒಮ್ಮೆಗೇ ಮೂರಾಣೆಗೆ ಕೊಂಡವನು ತೆರುವುದು 19. ಚಿಲ್ಲರೆಯಲ್ಲಿಯೇ ಬದುಕುವವರ ಪಾಲಿಗೆ ಇದು ಅಂಕಗಣಿತದ ವಿನೋದವಲ್ಲ. ಹಳೆಯ ಪೈಸೆಯಿಂದ ಬೇರೆಯಾಗಿ ತಿಳಿಯಲೆಂದು ಹೊಸದಕ್ಕೆ ‘ನಯಾ ಪೈಸೆ’ ಎಂದು ಹೆಸರಿಟ್ಟಿದ್ದರು. 1964ರ ಜೂನ್ 1ರಂದು ‘ನಯಾ’ ಬಿದ್ದುಹೋಯಿತು. ಊರುಗಳ ವಿಷಯದಲ್ಲಿ ಕನ್ನಡಿಗರು ಇಷ್ಟು ಅವಸರ ಮಾಡುವುದಿಲ್ಲ. ದಕ್ಷಿಣ ಬೆಂಗಳೂರಿನ ಹೊಸಕೆರೆಹಳ್ಳಿಯ ಕೆರೆ ಹಳತಾಗಿ ಎಷ್ಟೋ ತಲೆಮಾರು ಸಂದರೂ ಅದು ಹೊಸಕೆರೆಯೇ. ನಾಣ್ಯದ ಹೊಸತನಕ್ಕೆ ಮಾತ್ರ ಏಳು ವರ್ಷವೇ ಆಯುಸ್ಸು. ಅತ್ತ ಕಾನೂನಿನಿಂದ ಹೊರಬಿದ್ದ ಆಣೆ ಬಾಯಿಂದ ಹೊರಬೀಳಲಿಲ್ಲ: 25 ಪೈಸೆ ‘ನಾಲ್ಕಾಣೆ’, 50 ಪೈಸೆ ‘ಎಂಟಾಣೆ’. 2011ರ ಜೂನ್ ಕೊನೆಗೆ 25 ಪೈಸೆಯ ನಾಣ್ಯ ಚಲಾವಣೆಯಿಂದ ಮರೆಯಾಗುವವರೆಗೂ ಜನರು ದಶಮಾನದ ನಾಣ್ಯವನ್ನು ಹದಿನಾರರ ಲೆಕ್ಕದಲ್ಲಿ ಕರೆಯುತ್ತಿದ್ದರು.

ಟಿಪ್ಪುವಿನ ಕಾಜಿಮಿಗೆ ಒದಗಿದ ಗತಿ ಇಪ್ಪತ್ತೊಂದನೆಯ ಶತಮಾನದಲ್ಲಿ ಮತ್ತೊಮ್ಮೆ ಕಾಣಿಸಿಕೊಂಡಿತು. ಈಥರಿನ ನಡುವಣ ಮಾನಗಳಿಗೆ ಅಂಕೀಯ ನಾಣ್ಯದ ಪೂರ್ವಸೂರಿಗಳಾದ ಹಾಲ್ ಫಿನ್ನಿ, ನಿಕ್ ಸಾಬೋ ಇವರ ಹೆಸರುಗಳನ್ನು ಇಡಲಾಗಿತ್ತು: ಸಾವಿರದಲ್ಲೊಂದು ಪಾಲು ‘ಫಿನ್ನಿ’, ಹತ್ತು ಲಕ್ಷದಲ್ಲೊಂದು ಪಾಲು ‘ಸಾಬೋ’. ಅದರ ಕರಾರುಗಳನ್ನು ಬರೆಯುವ ‘ಸಾಲಿಡಿಟಿ’ ಎಂಬ ಗಣಕಭಾಷೆಯಿಂದ 2020ರಲ್ಲಿ ಈ ಎರಡೂ ಪದಗಳನ್ನು ತೆಗೆದುಹಾಕಲಾಯಿತು. ಅದೇ ಪರಿಷ್ಕರಣೆಯಲ್ಲಿ ‘ಗ್ವೇಯ್’ ಒಳಗೆ ಬಂತು. ಗ್ವೇಯ್ ಎಂದರೆ ಶತಕೋಟಿ ವೇಯ್. ಅದರ ಮೊದಲಕ್ಷರವೇ ಗುಣಕವನ್ನು ಹೇಳುತ್ತದೆ. ವೇಯ್ ಕೂಡ ವೇಯ್ ಡಾಯ್ ಎಂಬ ವ್ಯಕ್ತಿಯ ಹೆಸರೇ, ಸತೋಶಿಯೂ ಹಾಗೆಯೇ. ಆದರೆ ಇವೆರಡೂ ಶ್ರೇಣಿಯ ತಳದಲ್ಲಿವೆ, ಗುಂಜೆಯಂತೆ, ಕಾಸಿನಂತೆ. ತಳದ ಮಾನಕ್ಕೆ ಬೀಜದ ಹೆಸರೂ ಆದೀತು, ಮನುಷ್ಯನ ಹೆಸರೂ ಆದೀತು. ಅದರ ಕೆಳಗೆ ಪಾಲು ಮಾಡುವುದಕ್ಕೆ ಏನೂ ಇಲ್ಲ. ನಡುವಿನ ಮೆಟ್ಟಿಲುಗಳು ಮಾತ್ರ ತಾವು ಎಷ್ಟನೆಯ ಪಾಲೆಂಬುದನ್ನು ಹೆಸರಿನಲ್ಲಿಯೇ ಹೇಳಬೇಕಾಗುತ್ತದೆ.

ಭಾರತೀಯ ರಿಸರ್ವ್ ಬ್ಯಾಂಕು 2022ರ ಡಿಸೆಂಬರ್ 1ರಂದು ಜನಬಳಕೆಯ ಡಿಜಿಟಲ್ ರೂಪಾಯಿಯ ಪ್ರಯೋಗವನ್ನು ಆರಂಭಿಸಿದಾಗ ಮೊದಲು ಆರಿಸಿಕೊಂಡ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಅದಕ್ಕಾಗಿ ಹೊಸ ಹೆಸರುಗಳನ್ನು ಹುಡುಕಲಿಲ್ಲ. ಕಾಗದದ ನೋಟು ಮತ್ತು ಲೋಹದ ನಾಣ್ಯಗಳ ಮುಖಬೆಲೆಗಳನ್ನೇ ಇರಿಸಿಕೊಳ್ಳಲಾಯಿತು. ಈಗ ಕಾನೂನುಬದ್ಧವಾಗಿ ಚಲಾವಣೆಯಲ್ಲಿರುವ ಅತಿ ಸಣ್ಣ ನಾಣ್ಯ 50 ಪೈಸೆಯದು. ಒಂದು ಪೈಸೆಯ ನಾಣ್ಯವನ್ನು ಇಂದು ಯಾರೂ ಕೈಯಲ್ಲಿ ಹಿಡಿಯುವುದಿಲ್ಲ. ಆದರೆ ವಿದ್ಯುತ್ತಿನ ದರದಲ್ಲಿ, ಷೇರುಪೇಟೆಯ ಪಟ್ಟಿಯಲ್ಲಿ, ಬ್ಯಾಂಕಿನ ಬಡ್ಡಿಯ ಲೆಕ್ಕದಲ್ಲಿ ಪೈಸೆ ದಿನವೂ ಬರೆಯಲ್ಪಡುತ್ತಿದೆ, ಪೂರ್ಣಯ್ಯನವರ ಕಡತಗಳಲ್ಲಿ ಕಂಠೀರಾಯ ವರಹ ಬರೆಯಲ್ಪಡುತ್ತಿದ್ದಂತೆ.