ಒಂದೂವರೆ ಕಿಲೋಮೀಟರಿನ ತಡ: ಕೊಂಕಣ ರೈಲುಮಾರ್ಗವನ್ನು ಕಟ್ಟಿದ ಬಗೆ

1907ರಲ್ಲಿ ಮಂಗಳೂರನ್ನು ತಲುಪಿದ ರೈಲುಹಳಿ ಅಲ್ಲಿಂದ ಬಡಗಣಕ್ಕೆ ಸಾಗಲು ತೊಂಬತ್ತು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಹೋಟೆಲು ಕೆಲಸಕ್ಕೆಂದು ಮುಂಬಯಿಗೆ ಹೊರಟ ಕಾಸರಗೋಡಿನ ಹುಡುಗರು ರೈಲನ್ನೇ ನೆಚ್ಚಿದರೆ ಮೊದಲು ತೆಂಕಣಕ್ಕೆ ಹೋಗಿ, ಷೊರನೂರು, ಪಾಲಕ್ಕಾಡುಗಳ ಮೂಲಕ ಘಟ್ಟ ದಾಟಿ, ದಖ್ಖನವನ್ನೆಲ್ಲ ಬಳಸಬೇಕಾಗಿತ್ತು. ನಮ್ಮ ಶಾಲೆಯ ಹಿರಿಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಆ ಪ್ರಯಾಣದ ನೆನಪು ಇನ್ನೂ ಇದ್ದೀತು.

1990ರಲ್ಲಿ ಕಾಲ ಕೂಡಿಬಂದಿತು. ಮಂಗಳೂರಿನವರಾದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಗಳು. ಕೊಂಕಣದ ಮಧು ದಂಡವತೆ ಹಣಕಾಸು ಮಂತ್ರಿಗಳು. ಉತ್ತರ ಕನ್ನಡದ ರಾಮಕೃಷ್ಣ ಹೆಗಡೆ ಯೋಜನಾ ಆಯೋಗದ ಉಪಾಧ್ಯಕ್ಷರು. ರೋಹಾದಿಂದ ಮಂಗಳೂರಿನವರೆಗೆ ಸುಮಾರು 740 ಕಿಲೋಮೀಟರ್ ಹಳಿ ಹಾಕಲು ಪ್ರತ್ಯೇಕ ನಿಗಮವೊಂದು ಹುಟ್ಟಿತು. ರೈಲ್ವೆಯ ಪಾಲು ಶೇ. 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಈ ಹಳಿಯ ಒಂದು ಗೇಣೂ ಕೇರಳದಲ್ಲಿಲ್ಲ; ಆದರೂ ಕೇರಳ ಹಣ ಹಾಕಿತೆಂಬುದನ್ನು ನಾವು ಮರೆಯಬಾರದು. ಉಳಿದ ಬಂಡವಾಳದ ಬಹುಪಾಲು ಬಾಂಡುಗಳ ಮೂಲಕ ಎತ್ತಿದ ಸಾಲ. ಸಾಲಕ್ಕೆ ಬಡ್ಡಿಯುಂಟು; ಹಾಗಾಗಿ ಕೆಲಸ ಒಂದು ದಿನ ತಡವಾದರೆ ಒಂದು ದಿನದ ಬಡ್ಡಿ ಹೆಚ್ಚಿತೆಂದೇ ಲೆಕ್ಕ.

ನಿಗಮದ ಮುಖ್ಯಸ್ಥರಾದ ಇ. ಶ್ರೀಧರನ್ ಐದು ವರ್ಷಗಳ ಗಡುವು ಇಟ್ಟುಕೊಂಡರು. ಒಂದು ತುದಿಯಿಂದ ಇನ್ನೊಂದು ತುದಿಗೆ ಕಟ್ಟುತ್ತ ಹೋದರೆ ಅದು ಆಗದ ಮಾತು. ಆದುದರಿಂದ ಮಾರ್ಗವನ್ನು ಏಳು ವಿಭಾಗಗಳಾಗಿ ಒಡೆದು, ಒಂದೊಂದಕ್ಕೂ ಒಬ್ಬ ಮುಖ್ಯ ಇಂಜಿನಿಯರರನ್ನು ನೇಮಿಸಿ, ಎಲ್ಲೆಡೆಯೂ ಒಟ್ಟಿಗೆ ಕೆಲಸ ಹೂಡಿದರು. ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಯಿಂದ ಜಮೀನು ಪಡೆಯಬೇಕಿತ್ತು. 91 ಸುರಂಗಗಳನ್ನು ಕೊರೆಯಬೇಕಿತ್ತು. ಸಣ್ಣದು ದೊಡ್ಡದು ಸೇರಿ ಸುಮಾರು ಎರಡು ಸಾವಿರ ಸೇತುವೆಗಳನ್ನು ಕಟ್ಟಬೇಕಿತ್ತು. ಗಟ್ಟಿ ಬಂಡೆಗಾಗಿ ಸ್ವೀಡನ್ನಿನಿಂದ ಯಂತ್ರಗಳು ಬಂದವು. 1993ರ ವೇಳೆಗೆ ಮಂಗಳೂರು–ಉಡುಪಿ ಹಳಿಯ ಮೇಲೆ ಗಾಡಿ ಓಡಿತು.

ಇಂತಹ ಕಾಮಗಾರಿಯ ಲೆಕ್ಕಕ್ಕೆ ಒಂದು ಶಾಸ್ತ್ರವೇ ಇದೆ. 1957ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡ್ ಕಂಪನಿಯ ಜೇಮ್ಸ್ ಕೆಲಿ ಅದಕ್ಕೆ ರೂಪ ಕೊಟ್ಟರು. ಯಾವ ಕೆಲಸ ಮುಗಿಯದೆ ಯಾವುದು ಶುರುವಾಗದು ಎಂದು ಗೆರೆ ಎಳೆದು ಜೋಡಿಸಿದರೆ, ಆ ಜಾಲದಲ್ಲಿ ಎಲ್ಲಕ್ಕಿಂತ ದೀರ್ಘವಾದ ಸರಪಣಿಯೊಂದು ಕಾಣುತ್ತದೆ. ಅದಕ್ಕೆ ಕ್ರಿಟಿಕಲ್ ಪಾತ್, ಅಂದರೆ ನಿರ್ಣಾಯಕ ಪಥವೆಂದು ಹೆಸರು. ಬೇರೆ ಕೆಲಸಗಳು ನಾಲ್ಕು ದಿನ ಹಿಂದೆ ಬಿದ್ದರೂ ನಡೆದೀತು. ಈ ಸರಪಣಿಯ ಒಂದು ಕೊಂಡಿ ತಡವಾದರೆ ಇಡೀ ಯೋಜನೆಯೇ ಅಷ್ಟು ತಡ.

ಕೊಂಕಣ ರೈಲಿನ ಮಟ್ಟಿಗೆ ಆ ಕೊಂಡಿ ಗೋವೆಯಲ್ಲಿತ್ತು. ಅಲ್ಲಿ ಹಳಿಯ ದಾರಿಯನ್ನು ಬದಲಿಸಬೇಕೆಂದು ಚಳವಳಿ ನಡೆದು 1993ರಲ್ಲಿ ಕೆಲಸ ಕೆಲಕಾಲ ನಿಂತಿತು. ಜನರ ಗದ್ದೆ, ಮನೆಗಳ ಪ್ರಶ್ನೆ ಯಾವ ನಕ್ಷೆಯ ಚೌಕದಲ್ಲೂ ಸುಲಭವಾಗಿ ಕೂರುವಂಥದಲ್ಲ. ಅದಕ್ಕಿಂತ ದೊಡ್ಡ ತೊಡಕು ಪೆರ್ನೆಮ್ ಸುರಂಗ. ಉದ್ದ ಒಂದೂವರೆ ಕಿಲೋಮೀಟರಿನಷ್ಟೇ. ಆದರೆ ಒಳಗೆ ಬಂಡೆಯಿಲ್ಲ, ನೀರು ಕುಡಿದ ಜೇಡಿಮಣ್ಣು. ಅಗೆದಷ್ಟೂ ಕುಸಿಯಿತು. ಬಂಡೆ ಕೊರೆಯುವ ಯಂತ್ರಕ್ಕೆ ಅಲ್ಲಿ ಕೆಲಸವಿಲ್ಲ. ಆಧಾರ ಕೊಡುತ್ತ, ಅಡಿ ಅಡಿಯಾಗಿ ಮುಂದುವರಿಯಬೇಕಾಯಿತು. ಆರೂವರೆ ಕಿಲೋಮೀಟರಿನ ಕರ್ಬುಡೆ ಸುರಂಗ ಮುಗಿದಿತ್ತು, ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿನ ಸೇತುವೆ ಎದ್ದಿತ್ತು. ಅವೆಲ್ಲವೂ ಪೆರ್ನೆಮಿನ ಕೆಸರಿಗಾಗಿ ಕಾದವು.

ಐದು ವರ್ಷಗಳ ಗಡುವು ಮೀರಿತು. 1998ರ ಜನವರಿ 26ರಂದು ಇಡೀ ಮಾರ್ಗ ತೆರೆದಾಗ ಏಳು ವರ್ಷಗಳು ಕಳೆದಿದ್ದವು. ಆದರೂ ಗಡುವು ವ್ಯರ್ಥವಾಯಿತೆಂದು ನಾನು ಒಪ್ಪಲಾರೆ. ಅದು ಇಲ್ಲದಿದ್ದರೆ ತಡ ಎಲ್ಲಿದೆಯೆಂದು ತಿಳಿಯುವುದೇ ಕಷ್ಟವಿತ್ತು. ಈ ಲೆಕ್ಕಕ್ಕೆ ಸಿಗದ ಇನ್ನೊಂದು ವೆಚ್ಚವೂ ಇದೆ: ಕೆಲಸದಲ್ಲಿ ಮಡಿದ ಕಾರ್ಮಿಕರ ಸ್ಮಾರಕ ರತ್ನಾಗಿರಿಯಲ್ಲಿದೆ.

2024ರ ಜುಲೈ ಮಳೆಯಲ್ಲಿ ಅದೇ ಪೆರ್ನೆಮ್ ಸುರಂಗದೊಳಗೆ ನೀರು ಉಕ್ಕಿ ಸಂಚಾರ ನಿಂತಿತು. ಕೇರಳದ ಕೆಲವು ಗಾಡಿಗಳನ್ನು ಷೊರನೂರಿನಿಂದ ಈರೋಡಿನತ್ತ, ಆ ಹಳೆಯ ಸುತ್ತುದಾರಿಗೇ, ತಿರುಗಿಸಿ ಕಳುಹಿಸಿದರು.