ಗಿಟ್ ಯೋಜನೆಯಲ್ಲಿ ವಿದ್ಯಾರ್ಥಿಗಳ ಬೇಸಿಗೆ ಇಂಟರ್ನ್‌ಶಿಪ್

ಗಿಟ್ ಎಂಬುದು ತಂತ್ರಾಂಶಗಳ ಆವೃತ್ತಿಗಳನ್ನು ನಿರ್ವಹಿಸುವ ಒಂದು ಮುಕ್ತ ತಂತ್ರಾಂಶ. ಇದರ ಅಭಿವೃದ್ಧಿಯಲ್ಲಿ ವಿದ್ಯಾರ್ಥಿಗಳೂ ಹೊಸಬರೂ ಕೆಲವು ತಿಂಗಳ ಕಾಲ ಮಾರ್ಗದರ್ಶಕರ ನೆರವಿನಿಂದ, ಗೌರವಧನ ಪಡೆದು ಪಾಲ್ಗೊಳ್ಳುವ ವ್ಯವಸ್ಥೆಯು ಗೂಗಲ್ ಸಮ್ಮರ್ ಆಫ್ ಕೋಡ್ ಮತ್ತು ಔಟ್‌ರೀಚಿ ಎಂಬ ಕಾರ್ಯಕ್ರಮಗಳ ಮೂಲಕ ನಡೆದುಬಂದಿದೆ. ಕೆಲಸವೆಲ್ಲವೂ ಅಂತರಜಾಲದಲ್ಲಿಯೇ ನಡೆಯುವುದರಿಂದ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್‌ನಂತಹ ಊರುಗಳ ವಿದ್ಯಾರ್ಥಿಗಳು ಊರು ಬಿಡದೆ ಇದಕ್ಕೆ ಅರ್ಜಿ ಸಲ್ಲಿಸಬಹುದು.

ಹಿನ್ನೆಲೆ

ಲಿನಕ್ಸ್ ಕರ್ನಲ್ ಅಭಿವೃದ್ಧಿಗೆ ಬಳಸುತ್ತಿದ್ದ ಬಿಟ್‌ಕೀಪರ್ ತಂತ್ರಾಂಶದ ಉಚಿತ ಬಳಕೆ ನಿಂತುಹೋದಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ರಚನೆಯನ್ನು ಆರಂಭಿಸಿದರು. ಅದೇ ವರ್ಷದ ಜುಲೈಯಲ್ಲಿ ಅದರ ನಿರ್ವಹಣೆ ಜುನಿಯೊ ಹಮಾನೊ ಅವರ ಕೈಗೆ ಬಂದಿತು. ಯಾರು, ಯಾವಾಗ, ಏಕೆ ಬದಲಾಯಿಸಿದರು ಎಂಬುದನ್ನು ಗಿಟ್ ದಾಖಲಿಸುತ್ತದೆ. ಬೇಕೆಂದಾಗ ಹಿಂದಿನ ಸ್ಥಿತಿಯನ್ನು ಮರಳಿ ಪಡೆಯಬಹುದು. ವಚನಗಳ ಸಂಪಾದಕರು ಹಸ್ತಪ್ರತಿಗಳ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಗುರುತಿಸಿಡುವ ಶ್ರಮವನ್ನು ಬಲ್ಲವರಿಗೆ ಇದರ ಉಪಯೋಗ ಬೇಗನೆ ತಿಳಿಯುತ್ತದೆ. ಗಿಟ್‌ಹಬ್ ಎಂಬ ಜಾಲತಾಣವು ಗಿಟ್ ಅನ್ನು ಬಳಸುವ ಬೇರೊಂದು ಸಂಸ್ಥೆಯದು. ಎರಡನ್ನೂ ಒಂದೇ ಎಂದು ಭಾವಿಸುವವರು ಬಹಳ.

ಗೂಗಲ್ 2005ರಲ್ಲಿ ತನ್ನ ಬೇಸಿಗೆ ಕಾರ್ಯಕ್ರಮವನ್ನು ಆರಂಭಿಸಿತು. ಗಿಟ್ ಅದರಲ್ಲಿ ಮೊದಲು ಭಾಗವಹಿಸಿದ್ದು 2007ರಲ್ಲಿ. 2022ರಿಂದ ವಿದ್ಯಾರ್ಥಿಗಳಲ್ಲದ, 18 ವರ್ಷ ತುಂಬಿದ ಹೊಸಬರಿಗೂ ಅದು ತೆರೆದಿದೆ. ಔಟ್‌ರೀಚಿಯ ಮೂಲ 2006ರಲ್ಲಿ ಗ್ನೋಮ್ ಯೋಜನೆಯು ಮಹಿಳೆಯರಿಗಾಗಿ ನಡೆಸಿದ ಬೇಸಿಗೆ ಕಾರ್ಯಕ್ರಮದಲ್ಲಿದೆ.

ಆಯ್ಕೆ

ಅರ್ಜಿದಾರರು ಮೊದಲು 'ಮೈಕ್ರೊಪ್ರಾಜೆಕ್ಟ್' ಎಂಬ ಪುಟ್ಟ ಕೆಲಸವೊಂದನ್ನು ಮಾಡಿ ತೋರಿಸಬೇಕು. ಬದಲಾವಣೆ ಕೆಲವೇ ಸಾಲುಗಳದ್ದಾಗಿರಬಹುದು. ಆದರೆ ಅದನ್ನು ಪ್ಯಾಚ್ ರೂಪದಲ್ಲಿ ಸಿದ್ಧಪಡಿಸಿ, ಅದು ತನ್ನ ಹಕ್ಕಿನಲ್ಲಿರುವ ಬರಹವೆಂದು ಹೆಸರಿನೊಡನೆ ದೃಢೀಕರಿಸಿ, ಮಿಂಚಂಚೆಯಲ್ಲಿ ಕಳುಹಿಸಬೇಕು. ಪರಿಶೀಲಕರು ಎಲ್ಲರೆದುರಿಗೆ ತಪ್ಪುಗಳನ್ನು ಎತ್ತಿ ತೋರಿಸುತ್ತಾರೆ. ಎರಡನೆಯ, ಮೂರನೆಯ ಆವೃತ್ತಿ ಕಳುಹಿಸಬೇಕಾಗುವುದು ಸಾಮಾನ್ಯ ಸಂಗತಿ. ಅದನ್ನು ಅವಮಾನವೆಂದು ತಿಳಿದು ಹಿಂದೆ ಸರಿಯಬೇಕಾಗಿಲ್ಲ. ಬದಲಾವಣೆ ಏಕೆ ಬೇಕಾಯಿತೆಂಬ ವಿವರಣೆಗೆ ಇಲ್ಲಿ ಹೆಚ್ಚಿನ ಬೆಲೆಯಿದೆ. ಈ ವಿವರಣೆ ಇಂಗ್ಲಿಷಿನಲ್ಲಿರಬೇಕಾದ್ದರಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಸಿ ಭಾಷೆಯ ಕ್ರಮವಿಧಿಗಿಂತ ಇದೇ ಕಠಿಣವೆನಿಸಬಹುದು.

ಕೆಲಸದ ಸ್ವರೂಪ

ಗಿಟ್‌ನ ಹಲವು ಆದೇಶಗಳು ಮೊದಲು ಶೆಲ್ ಲಿಪಿಯಲ್ಲಿದ್ದವು. ವಿಂಡೋಸ್ ಗಣಕಗಳಲ್ಲಿ ಇವು ನಿಧಾನವಾಗಿ ನಡೆಯುತ್ತಿದ್ದವು. ರೀಬೇಸ್, ಸ್ಟ್ಯಾಶ್, ಬೈಸೆಕ್ಟ್, ಸಬ್‌ಮಾಡ್ಯೂಲ್ ಆದೇಶಗಳನ್ನು ಸಿ ಭಾಷೆಗೆ ಪರಿವರ್ತಿಸುವಲ್ಲಿ ಇಂತಹ ಇಂಟರ್ನ್‌ಗಳ ಪಾಲು ದೊಡ್ಡದು. ಸಬ್‌ಮಾಡ್ಯೂಲ್ ಪರಿವರ್ತನೆ ಒಂದೇ ಬೇಸಿಗೆಯಲ್ಲಿ ಮುಗಿಯಲಿಲ್ಲ. ಒಬ್ಬರು ಬಿಟ್ಟಲ್ಲಿಂದ ಮತ್ತೊಬ್ಬರು ಕೈಗೆತ್ತಿಕೊಂಡು ಹಲವು ವರ್ಷ ನಡೆಸಿದರು.

ಬಸವಕಲ್ಯಾಣ ಮತ್ತು ಹುಮನಾಬಾದ್ ಭಾಗಕ್ಕೆ ಇದರ ಪ್ರಸ್ತುತತೆ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಇತ್ತೀಚಿನ ಪಠ್ಯಕ್ರಮಗಳಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಬಸವಕಲ್ಯಾಣದಲ್ಲಿ ಇಂಜಿನಿಯರಿಂಗ್ ಕಾಲೇಜು ಇದ್ದರೂ ತಂತ್ರಾಂಶ ಕಂಪನಿಗಳಿರುವುದು ಹೈದರಾಬಾದಿನಲ್ಲಿ ಅಥವಾ 600 ಕಿ.ಮೀ.ಗೂ ದೂರದ ಬೆಂಗಳೂರಿನಲ್ಲಿ. ಬೀದರ್–ಕಲಬುರಗಿ ರೈಲುಮಾರ್ಗ 2017ರಲ್ಲಿ ಪೂರ್ಣಗೊಂಡು ಹುಮನಾಬಾದಿಗೆ ಅನುಕೂಲವಾಯಿತು; ಆದರೂ ಪರಊರಿನ ಬಾಡಿಗೆ, ಊಟದ ಖರ್ಚು ಬಡ ಕುಟುಂಬಗಳಿಗೆ ಭಾರವೇ. ಶುಲ್ಕ ಪಡೆದು ಪ್ರಮಾಣಪತ್ರ ನೀಡುವ 'ಇಂಟರ್ನ್‌ಶಿಪ್'ಗಳೂ ಇವೆ. ಗಿಟ್‌ನ ಕಾರ್ಯಕ್ರಮಗಳಲ್ಲಿ ವಿದ್ಯಾರ್ಥಿ ಹಣ ಕೊಡಬೇಕಾಗಿಲ್ಲ. ಗೂಗಲ್‌ನ ಗೌರವಧನ ದೇಶದಿಂದ ದೇಶಕ್ಕೆ ಬೇರೆಯಾಗಿದ್ದು, ಔಟ್‌ರೀಚಿ ಎಲ್ಲರಿಗೂ 7,000 ಡಾಲರ್ ನೀಡುತ್ತದೆ.

ತೊಡಕು ವೇಳಾಪಟ್ಟಿಯದು. ಗೂಗಲ್ ಕಾರ್ಯಕ್ರಮಕ್ಕೆ ಅರ್ಜಿ ಸಲ್ಲಿಕೆ ಸಾಮಾನ್ಯವಾಗಿ ಮಾರ್ಚ್–ಏಪ್ರಿಲ್‌ನಲ್ಲಿ, ಕೆಲಸ ಮೇ ಕೊನೆಯಿಂದ ಆಗಸ್ಟ್‌ವರೆಗೆ. ಸೆಮಿಸ್ಟರ್ ಪರೀಕ್ಷೆಗಳು ಇದೇ ಅವಧಿಯಲ್ಲಿ ಬರುವುದುಂಟು. ಔಟ್‌ರೀಚಿಯಲ್ಲಿ ವಾರಕ್ಕೆ 30 ಗಂಟೆ ದುಡಿಯಬೇಕು. ಗೂಗಲ್ ಕಾರ್ಯಕ್ರಮದಲ್ಲಿ ಮಧ್ಯಾವಧಿ ಮೌಲ್ಯಮಾಪನದಲ್ಲಿ ಅನುತ್ತೀರ್ಣರಾದವರು ಅಲ್ಲಿಗೇ ಹೊರಬೀಳುತ್ತಾರೆ. ಆದ್ದರಿಂದ ಪರೀಕ್ಷೆಯ ದಿನಗಳನ್ನು ಅರ್ಜಿಯಲ್ಲಿಯೇ ತಿಳಿಸುವುದು, ಕಾಲೇಜು ಇದನ್ನು ಕಡ್ಡಾಯ ಇಂಟರ್ನ್‌ಶಿಪ್ ಎಂದು ಮಾನ್ಯ ಮಾಡುವುದೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಅವಶ್ಯ.